ಹಾಜರ್ರಿ ಅಕ್ಕೋರ

ಇವತ್ತು ಬೆಳಿಗ್ಗೆ ಏಳನೆಯ ತರಗತಿಯ ಹಾಜರಿ ಕೂಗುತ್ತ "ಭಾಗಮ್ಮ" ಅಂದೆ. ಹಿಂದಿನ ಸಾಲಿನಿಂದ "ಹಾಜರ್ರಿ ಅಕ್ಕೋರ" ಎಂದು ಸಣ್ಣ ದನಿ ಬಂತು. ಅದು ಭಾಗಮ್ಮನ ದನಿಯಲ್ಲ. ಹೆದರಿ ಪೆನ್ನು ಅಲ್ಲೇ ನಿಲ್ಲಿಸಿದೆ.

ಇಷ್ಟಕ್ಕೆಲ್ಲ ಹೆದರುವುದೇ ಎಂದು ನೀವು ನಗಬಹುದು. ನೀವೂ ಎಂದೋ ಗೆಳತಿಯ ಹಾಜರಿ ಹೇಳಿದವರೇ ಇರಬೇಕು. ನಾನು ಮೊದಲಿದ್ದ ಶಹಾಪುರ ಕಡೆಯ ಊರಿನಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಅದೊಂದು ರೂಢಿ. ಬೆಳಕು ಹರಿಯುತ್ತಲೇ ಟಂಟಂ ಗಾಡಿಗಳು ಹುಡುಗಿಯರನ್ನು ತುಂಬಿಕೊಂಡು ಹೊಲಕ್ಕೆ ಹೋಗುತ್ತಿದ್ದವು. ಶಾಲೆಯಲ್ಲಿ ಉಳಿದವರು ಹೋದವರ ಹೆಸರಿಗೂ "ಹಾಜರ್ರಿ" ಅನ್ನುತ್ತಿದ್ದರು. ಅಕ್ಕೋರು, ಅಂದರೆ ನಾನು, ತಲೆ ಎತ್ತದೆ ಗುರುತು ಹಾಕುತ್ತಿದ್ದೆ. ಆ ಶಾಲೆಯಲ್ಲಿ ಏನನ್ನಾದರೂ ಚೆನ್ನಾಗಿ ಕಲಿತವಳೆಂದರೆ ನಾನೊಬ್ಬಳೇ, ತಲೆ ಎತ್ತದಿರುವುದನ್ನು.

"ಹತ್ತಿ ಮುಗಿದ ಮ್ಯಾಲ ಬರ್ತಾವ ಬಿಡ್ರಿ," ಎನ್ನುತ್ತಿದ್ದರು ಹೆಡ್ಮಾಸ್ತರು. "ಹಾಜರಿ ಕಡಿಮಿ ಆತಂದ್ರ ಸಾಲಿನೇ ಮುಚ್ಚತಾರ."

ಅಲ್ಲಿದ್ದಳು ಮಲ್ಲಮ್ಮ. ಏಳನೆಯ ತರಗತಿಗೆ ಬಂದರೂ ಓದುವಾಗ ಅಕ್ಷರಕ್ಕೊಮ್ಮೆ ಎಡವುತ್ತಿದ್ದಳು. ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ನಾನು ಗದ್ದಲ ಅಡಗಿಸಿದ್ದೇ ಹೆಚ್ಚು, ಕಲಿಸಿದ್ದು ಕಡಿಮೆ. ಆದರೂ ಬಿಸ್ಕೀಟಿನ ಕಾಗದ, ಬಸ್ಸಿನ ಬೋರ್ಡು, ಏನು ಕಂಡರೂ ಬಿಡದೆ ಓದುವ ಹುಡುಗಿ. ಆ ವರ್ಷ ಹತ್ತಿ ಮುಗಿದರೂ ಅವಳು ಬರಲಿಲ್ಲ. ಅದೇ ಕೋಣೆಯಲ್ಲಿ ಕೂರುತ್ತಿದ್ದ ಅವಳ ತಂಗಿ ದಿನಾ ಅಕ್ಕನ ಹಾಜರಿ ಹೇಳಿದಳು. ನಾನು ದಿನಾ ಬರೆದೆ.

ಒಂದು ಮಧ್ಯಾಹ್ನ ಜೀಪು ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ರಿಜಿಸ್ಟರಿನ ಮೇಲೆ ಕೈಯಿಟ್ಟೆ.

"ಮಲ್ಲಮ್ಮ ಅನ್ನೋ ಹುಡುಗಿ ಮದಿವಿ ಮಾಡಾಕತ್ತಾರಂತ ಯಾರೋ ಫೋನ್ ಮಾಡ್ಯಾರ," ಎಂದರು ಬಾಲ್ಯವಿವಾಹ ತಡೆಯಲು ಬಂದಿದ್ದ ಅಧಿಕಾರಿ ಮೇಡಂ. ರಿಜಿಸ್ಟರು ತೆಗೆದುಕೊಂಡು ಪುಟ ತಿರುವಿದರು. "ದಿನಾ ಬರಾಕತ್ತಾಳಲ್ರಿ! ಈಗ ಎಲ್ಲದಾಳ?"

"ಆರಾಮಿಲ್ಲಂತ ಈಗರ ಮನಿಗಿ ಹೋದಳ್ರಿ," ಎಂದರು ಹೆಡ್ಮಾಸ್ತರು.

ಮೇಡಂ ನನ್ನ ಮುಖ ನೋಡಿದರು. ನೌಕರಿ ಹೋದೀತೆಂಬ ಅಂಜಿಕೆಗೆ ನಾನು ತಲೆ ಎತ್ತಲಿಲ್ಲ. ರಿಜಿಸ್ಟರನ್ನೇ ನಂಬಿ ಜೀಪು ಹೋಯಿತು. ಅದೇ ವಾರ ಮಲ್ಲಮ್ಮನ ಮದುವೆಯಾಯಿತು.

ವರ್ಷಗಳು ಕಳೆದ ಮೇಲೆ, ಈ ಜೂನಿನಲ್ಲಿ, ಸುರಪುರದ ಹತ್ತಿರದ ಈ ಶಾಲೆಗೆ ವರ್ಗವಾಗಿ ಬಂದೆ. ಮೊದಲ ದಿನವೇ ಬಾಗಿಲಲ್ಲಿ, ಈ ಊರಿಗೇ ಸೊಸೆಯಾಗಿ ಬಂದಿದ್ದ ಮಲ್ಲಮ್ಮ, ಪಕ್ಕದಲ್ಲಿ ಮಗಳು ಭಾಗಮ್ಮ. ಬೈಯುತ್ತಾಳೆಂದು ನಾನು ಕುರ್ಚಿಯಲ್ಲೇ ಮುದುಡಿದೆ. ಬೈದಿದ್ದರೆ ಚೆನ್ನಾಗಿತ್ತು.

"ಮನ್ಯಾಗ ನನ್ನ ಮಾತ ನಡಿಯಂಗಿಲ್ರಿ ಅಕ್ಕೋರ," ಅಂದಳು. "ನನ್ನ ಮಗಳು ಸಾಲಿಗಿ ಬರಲಿಲ್ಲಂದ್ರ, ಗೈರಂತ ಬರೀರಿ. ಅಷ್ಟ ಸಾಕ್ರಿ."

ಇವತ್ತು ಆ ಸುಳ್ಳು ಹಾಜರಿ ಕೇಳಿ ನಾನು ತಲೆ ಎತ್ತಿದೆ. "ಎಲ್ಲವ್ವ ಭಾಗಮ್ಮ?"

ಹಿಂದಿನ ಸಾಲಿನ ಹುಡುಗಿ ಗೋಡೆ ನೋಡುತ್ತ ಹೇಳಿದಳು: "ಆಕೀನ ನೋಡಾಕ ಮಂದಿ ಬಂದಾರ್ರಿ."

ಗೈರು ಎಂದು ಬರೆದೆ. ಬಾಲ್ಯವಿವಾಹ ತಡೆಯುವ ಅಧಿಕಾರಿಗಳ ಕಚೇರಿಗೆ ಫೋನು ಮಾಡಿದೆ. ಅವರು ಬರುವವರೆಗೆ ಕಾಯುವ ಧೈರ್ಯವೂ ಇಲ್ಲದೆ, ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಹೊರಟೆ. ದಾರಿಯುದ್ದಕ್ಕೂ ತಿರುಗಿ ಹೋಗೋಣ ಅನ್ನಿಸುತ್ತಲೇ ಇತ್ತು.

ಮಲ್ಲಮ್ಮ ಹೊಸ್ತಿಲಲ್ಲೇ ನಿಂತಿದ್ದಳು. ಒಳಗೆ ಗಂಡಸರ ನಗು ಕೇಳುತ್ತಿತ್ತು. ಅವಳು ನನ್ನ ಕಂಕುಳನ್ನು ನೋಡಿದಳು.

"ಗೈರಂತ ಬರದೀರೇನ್ರಿ?"

"ಬರದೀನವ್ವ."

ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.