ಅಜ್ಜಿಗೆ ಕೊಟ್ಟ ಅತ್ತರು

ಗಾಂಜಾ ಎಣ್ಣೆಯನ್ನು ಅಜ್ಜಿಗೆ ಅತ್ತರು ಎಂದು ನಂಬಿಸಿದ ಮಹಾಪಂಡಿತ ನಾನು. ವೇಪ್ ಎಂಬ ಎಲೆಕ್ಟ್ರಾನಿಕ್ ಸಿಗರೇಟಿಗೆ ಸಿಕ್ಕಿಸುವ ಪುಟ್ಟ ಗಾಜಿನ ಕೊಳವೆಯಲ್ಲಿದ್ದ ಆ ಎಣ್ಣೆ ಕಾಶಿಯ ಚಳಿಗೆ ಕೊಬ್ಬರಿ ಎಣ್ಣೆಯಂತೆ ಹೆಪ್ಪುಗಟ್ಟಿತ್ತು. ಕೊಟ್ಟ ಗೆಳೆಯ ಫೋನಿನಲ್ಲಿ, "ಸರಿಯಾಗಿ ಶುದ್ಧ ಮಾಡಿಲ್ಲ ಕಣೋ, ಮೇಣ ಉಳ್ಕೊಂಡಿದೆ. ಬೆಚ್ಚಗೆ ಮಾಡು" ಎಂದ. ಹನುಮಾನ್ ಘಾಟಿನ ಅಜ್ಜಿಯ ಕೋಣೆಯಲ್ಲಿ ಅದನ್ನು ಬಿಸಿನೀರಿನ ಲೋಟಕ್ಕಿಳಿಸಿ ವಿಜ್ಞಾನಿಯ ಗತ್ತಿನಲ್ಲಿ ಕೂತಿದ್ದೆ.

"ಏನೋ ಅದು?"

"ಅತ್ತರು ಅಜ್ಜಿ. ನಿನಗೇ ತಂದೆ."

ಕೊನೆಗಾಲಕ್ಕೆಂದೇ ಕಾಶಿಗೆ ಬಂದಿರುವ ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡಳು. ಅದನ್ನು ಅವಳ ಕೈಯಲ್ಲೇ ಬಿಟ್ಟು ನಾನು ಬ್ಯಾಗು ತುಂಬಿಕೊಳ್ಳತೊಡಗಿದೆ.

ಸ್ಟೇಷನ್ನಿಗೆ ಹೊರಟಾಗ ಪಕ್ಕದ ಕೋಣೆಯ ಸಾವಿತ್ರಮ್ಮ ಗಲ್ಲಿಯ ತುದಿಯವರೆಗೂ ಬಂದರು. "ಎಂಥಾ ಮೊಮ್ಮಗನಪ್ಪಾ ನೀನು! ನೀನು ಕೊಟ್ಟ ಅತ್ತರನ್ನ ನಿಮ್ಮಜ್ಜಿ ಗಂಗಾಜಲದ ಜೊತೆ ಗಂಟು ಕಟ್ಟಿಟ್ಟಿದ್ದಾರೆ. 'ನಾನು ಕಣ್ಮುಚ್ಚಿದ ದಿನ ಮೈಗೆ ಇದನ್ನೇ ಹಚ್ಚಿ' ಅಂತ ನನ್ನ ಕೈಲಿ ಆಣೆ ಮಾಡಿಸ್ಕೊಂಡ್ರು."