ತಿಥಿಯ ಖರ್ಚಿಗೆ ನನ್ನದೇ ಕಾರ್ಡು

ಟೊರಾಂಟೊದಲ್ಲಿ ಹಿಮ ಬೀಳತೊಡಗಿದರೆ ನಾನೂ ಹೆಂಡತಿಯೂ ಟೆಕ್ಸಸ್‌ಗೆ ಹೊರಡುತ್ತಿದ್ದೆವು. ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿ ಮಗಳ ಮನೆ, ಆಸ್ಟಿನ್‌ನಲ್ಲಿ ಹಳೆಯ ಗೆಳೆಯರು, ಹ್ಯೂಸ್ಟನ್‌ನಲ್ಲಿ ನನ್ನ ನಾದಿನಿ. ಕಾರು ಓಡಿಸುವುದು ನನ್ನ ಕೆಲಸ. ಹಣದ ವ್ಯವಹಾರವೆಲ್ಲ ಅವಳದು. ಅಮೆರಿಕದ ಡಾಲರಿನ ಕಾರ್ಡು ಮಾಡಿಸಿದ್ದು ಅವಳೇ. ಪೆಟ್ರೋಲ್ ಪಂಪು ಐದಂಕಿಯ ಜಿಪ್ ಕೋಡ್ ಕೇಳಿದರೆ, ನಮ್ಮ ಕೆನಡಾದ ಅಂಚೆ ಕೋಡಿನ ಅಕ್ಷರ ಬಿಟ್ಟು ಅಂಕಿಗಳನ್ನಷ್ಟೇ ಒತ್ತಿ, ಕೊನೆಗೆ ಎರಡು ಸೊನ್ನೆ ಸೇರಿಸಬೇಕೆಂದು ಹೇಳಿಕೊಟ್ಟವಳೂ ಅವಳೇ.

ಈ ಸಲ ಒಬ್ಬನೇ ಬಂದೆ. ಅವಳ ವರ್ಷದ ತಿಥಿಯನ್ನು ನಾದಿನಿಯ ಮನೆಯಲ್ಲಿ ಮಾಡುವುದೆಂದು ನಿಶ್ಚಯವಾಗಿತ್ತು. ಖರ್ಚು ಮಾತ್ರ ನನ್ನದೇ ಆಗಬೇಕಿತ್ತು. ತಿಥಿಯನ್ನು ಸಾಲದ ದುಡ್ಡಿನಲ್ಲಾಗಲಿ, ಮಗಳ ದುಡ್ಡಿನಲ್ಲಾಗಲಿ ಮಾಡಬಾರದು ಎಂದು ಕೇಳುತ್ತ ಬೆಳೆದವನು ನಾನು.

ಮಗಳ ಮನೆಯ ಹತ್ತಿರದ ಕ್ಯಾರಲ್ಟನ್‌ನ ಪೆಟ್ರೋಲ್ ಪಂಪಿನಲ್ಲಿ ಕಾರ್ಡು ನಡೆಯಲಿಲ್ಲ. ಸೊನ್ನೆ ತಪ್ಪಿತೇನೋ ಎಂದು ಮತ್ತೆ ಒತ್ತಿದೆ. ಆಗಲೂ ಇಲ್ಲ. ಬ್ಯಾಂಕಿಗೆ ಫೋನ್ ಮಾಡಿದಾಗ ಕಾರಣ ತಿಳಿಯಿತು. ಅವಳು ತೀರಿಕೊಂಡದ್ದನ್ನು ನಾನೇ ಬ್ಯಾಂಕಿಗೆ ತಿಳಿಸಿದ್ದೆ. ಅವಳ ಖಾತೆಯ ಜೊತೆಗೆ, ಅದೇ ಖಾತೆಗೆ ಸೇರಿಸಿ ಕೊಟ್ಟಿದ್ದ ನನ್ನ ಕಾರ್ಡನ್ನೂ ಅವರು ಮುಚ್ಚಿದ್ದರು. ಮೇಲೆ ನನ್ನ ಹೆಸರಿದೆಯೆಂದು ಅದನ್ನು ನನ್ನದೆಂದೇ ನಂಬಿದ್ದೆ. ಟೆಕ್ಸಸ್‌ನಲ್ಲಿ ಮಾತ್ರ ಬಳಸುತ್ತಿದ್ದ ಕಾರ್ಡಾದ್ದರಿಂದ ಅಲ್ಲಿಯವರೆಗೆ ಗೊತ್ತಾಗಿರಲಿಲ್ಲ.

"ಸಿಂಪಲ್ ಅಪ್ಪಾ, ನನ್ನ ಕಾರ್ಡಿಗೆ ನಿನ್ನ ಆ್ಯಡ್ ಮಾಡ್ತೀನಿ," ಎಂದಳು ಮಗಳು.

"ಮತ್ತ ಇನ್ನೊಬ್ಬರ ಬಾಲ ಹಿಡೀಲ್ಯಾ? ಬ್ಯಾಡವಾ."

"ಹಂಗಾದ್ರ ಅಮ್ಮನ ಬಾಲ ಹಿಡಿದಿದ್ದು?"

"ಅದು ಬ್ಯಾರೆ ಮಾತು."

ಟೊರಾಂಟೊದ ನಮ್ಮ ಬ್ಯಾಂಕಿಗೆ ಅಮೆರಿಕದಲ್ಲಿಯೂ ಒಂದು ಅಂಗಸಂಸ್ಥೆ ಇತ್ತು. ಅಲ್ಲಿಗೆ ಫೋನ್ ಮಾಡಿದೆ. ಮಾತಿಗೆ ಸಿಕ್ಕ ಹುಡುಗಿ ನಮ್ಮ ಮನೆ ಸಾಲ ಯಾರ ಹೆಸರಿನಲ್ಲಿತ್ತೆಂದು ಕೇಳಿದಳು. ಇಬ್ಬರ ಹೆಸರಿನಲ್ಲೂ ಇತ್ತು, ತೀರಿಸಿದ್ದೇವೆ ಎಂದೆ. ಕೆನಡಾದಲ್ಲಿ ಸಾಲ ತೀರಿಸಿದ ಆ ದಾಖಲೆಯನ್ನು ನೋಡಿಯೇ ಇಲ್ಲಿ ನನ್ನ ಹೆಸರಿನಲ್ಲೇ ಕಾರ್ಡು ಕೊಡಬಹುದು ಎಂದಳು. ಖಾತೆಗೆ ಇನ್ನೊಬ್ಬರನ್ನು ಸೇರಿಸಬೇಕೇ ಎಂದೂ ಕೇಳಿದಳು. ಬೇಡ, ನಾನೊಬ್ಬನೇ ಎಂದೆ.

ತಿಥಿಗೆ ಮುಂಚೆಯೇ ಕಾರ್ಡು ಕಾಪೆಲ್‌ಗೆ ಬಂತು. ಕಾರಿನಲ್ಲಿ ಹ್ಯೂಸ್ಟನ್‌ಗೆ ಹೋದೆ. ದಾರಿಯ ಪೆಟ್ರೋಲನ್ನೂ ಅದರಲ್ಲೇ ಹಾಕಿಸಿದೆ. ತಿಥಿಯ ದಿನ ಬೆಳಿಗ್ಗೆ ಅಡುಗೆ ಮಾಡಿ ತಂದಿದ್ದ ಆಂಟಿ ಪಾತ್ರೆಗಳನ್ನು ಇಳಿಸುತ್ತಿದ್ದಾಗ ನಾದಿನಿಯ ಗಂಡ ನನ್ನ ಕೈಯಲ್ಲಿದ್ದ ಕಾರ್ಡನ್ನು ನೋಡಿದ.

"ಅಣ್ಣಾರ, ಸಾಲದ ರೊಕ್ಕದಾಗ ತಿಥಿ ಮಾಡಬಾರದು ಅಂತೀರಿ. ಕ್ರೆಡಿಟ್ ಕಾರ್ಡ್ ಅಂದ್ರ ಸಾಲ ಅಲ್ಲೇನ್ರಿ?"

"ಅದಕ್ಕ ಮೊದಲಿಗೇ ಪೆನ್ಶನ್ ರೊಕ್ಕ ಕಾರ್ಡಿಗೆ ತುಂಬಿ ಬಂದೀನಿ. ಈಗ ಬ್ಯಾಂಕಿನವರೇ ನನಗ ಕೊಡಬೇಕು."

"ಬ್ಯಾಂಕಿಗೇ ಸಾಲ ಕೊಟ್ಟು ಬಂದ್ರಿ ಅನ್ರಿ," ಎಂದು ನಕ್ಕ. "ಅಕ್ಕ ಇದ್ದಿದ್ರ ಬಡ್ಡೀನೂ ಕೇಳ್ತಿದ್ದಳು."

ಕೇಳುತ್ತಿದ್ದಳು, ಖಂಡಿತ. ಆಂಟಿ ಕಾರ್ಡನ್ನು ತಮ್ಮ ಫೋನಿಗೆ ತಾಗಿಸಿದರು. ಅಡುಗೆಯ ಹಣ ಸಂದಾಯವಾಯಿತು. ನಾನು ಒಳಗೆ ಹೋಗಿ ಕೈಕಾಲು ತೊಳೆದು ತಿಥಿಗೆ ಮಣೆಯ ಮೇಲೆ ಕೂತೆ.