ಹಲ್ಲಿನ ಹಳಿಯ ರೈಲಿನಲ್ಲಿ ಯಜಮಾನರೊಂದಿಗೆ

ದೇವರಿಗೆ ದೀಪ ಹಚ್ಚಿ ಚಿನಕುರಳಿಯಿಂದ ಬೆಳಿಗ್ಗೆ ಆರಕ್ಕೆ ಹೊರಟೆವು. ಮೈಸೂರು, ಚಾಮರಾಜನಗರ ದಾಟಿ, ದಿಂಬಂ ಘಟ್ಟ ಇಳಿದು, ಕೊಯಮತ್ತೂರಿನಲ್ಲಿ ಬಸ್ಸು ಬದಲಿಸಿ ಮೇಟುಪಾಳ್ಯ ಸೇರಿದಾಗ ಸಂಜೆಯಾಗಿತ್ತು. ಅಷ್ಟೊಂದು ತಿರುವುಗಳಲ್ಲೂ ನನಗೆ ವಾಂತಿಯಾಗಲಿಲ್ಲ. ರಂಗನಾಥಸ್ವಾಮಿ ದೊಡ್ಡವನು.

ಊಟಿಗೆ ಹತ್ತುವ ಉಗಿ ರೈಲಿನ ಟಿಕೆಟ್ಟು ಮಾಡಿಸಿಕೊಟ್ಟವಳು ಮಗಳು. ನಮ್ಮ ಯಜಮಾನರು ಚಿಕ್ಕಂದಿನಲ್ಲಿ ಪಾಂಡವಪುರದ ಸ್ಟೇಷನ್ನಿನಲ್ಲಿ ಉಗಿ ಎಂಜಿನ್ ನೋಡುತ್ತ ನಿಂತುಬಿಡುತ್ತಿದ್ದರಂತೆ. ಆಮೇಲೆ ಮೂವತ್ತು ವರ್ಷ ಕಲ್ಲು ಕ್ವಾರಿಯಲ್ಲಿ ದುಡಿದು ಕಿವಿ ಕಳೆದುಕೊಂಡರು. ಕಿವಿಗೆ ಇಡುವ ಮಷೀನನ್ನೂ ಮಗಳೇ ತಂದುಕೊಟ್ಟಿದ್ದಾಳೆ, ಆದರೆ ಅದು ಡಬ್ಬಿ ಬಿಟ್ಟು ಹೊರಗೆ ಬಂದಿಲ್ಲ.

"ಅದ ಆಕ್ಕಂಡ್ರೆ ಊರೋರೆಲ್ಲ ಕಿವುಡ ಅಂತಾರೆ ಕಣಮ್ಮಿ."

"ಆಕ್ಕಳ್ದೆ ಇದ್ರೆ ಏನಂತಾರೆ?" ಎಂದು ನಾನು ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಈ ಪ್ರಯಾಣದಲ್ಲಾದರೂ ಒಮ್ಮೆ ಹಾಕಿಸಬೇಕೆಂದು ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಏಳು ದಾಟುತ್ತಲೇ ರೈಲು ಹೊರಟಿತು. ಊಟಿಗೆ ನಲವತ್ತಾರೇ ಕಿಲೋಮೀಟರು, ಆದರೆ ಐದು ಗಂಟೆ ಬೇಕು. ಎಂಜಿನ್ನು ಹಿಂದಿನಿಂದ ನೂಕುತ್ತದೆ. ಅಡಿಕೆ ತೋಟ ಮುಗಿದು ಕಲ್ಲಾರು ಸ್ಟೇಷನ್ನು ಬಂದಿತು. ಅಲ್ಲಿಂದ ಮುಂದೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ರೈಲು ಅದನ್ನು ಕಚ್ಚಿಕೊಂಡು ಬೆಟ್ಟ ಹತ್ತುತ್ತದೆ.

"ರೀ, ಹಳೀಗೆ ಅಲ್ಲು ಅವಂತೆ! ಅಲ್ಲು!"

"ಅಳ್ಳ ಆಗ್ಲೇ ದಾಟಾಯ್ತಲ್ಲಮ್ಮಿ," ಎಂದರು. ಹಲ್ಲು ಅವರಿಗೆ ಹಳ್ಳವಾಗಿ ಕೇಳಿಸಿತ್ತು. ಬಾಯಿ ತೆರೆದು ನನ್ನ ಹಲ್ಲು ತೋರಿಸಿದೆ. "ಯಾಕೆ, ನೋಯ್ತದಾ?" ಎಂದರು. ಎದುರು ಕುಳಿತಿದ್ದ ಕೊಯಮತ್ತೂರಿನ ದಂಪತಿಗೆ ಭಾಷೆ ಬಾರದಿದ್ದರೂ ನಗು ಬಂತು.

ಹೆಜ್ಜೆಗೊಂದು ತೊರೆ, ತೊರೆಗೊಂದು ಸೇತುವೆ. ಬಿದಿರು, ಬಂಡೆ, ಬಂಡೆಯ ಸಂದಿನಲ್ಲಿ ನೊರೆನೀರು. ಯಜಮಾನರು ಮಾತ್ರ ನಡುನಡುವೆ ಬರುವ ಸುರಂಗಗಳ ಗೋಡೆ ನೋಡುತ್ತಿದ್ದರು. "ಉಳಿ ಏಟು ಎಂಗವೆ ನೋಡು. ಕೈಕೆಲ್ಸ ಕಣಮ್ಮಿ."

ಹಿಲ್‌ಗ್ರೋವ್ ಎಂಬಲ್ಲಿ ಎಂಜಿನ್ನು ನೀರು ಕುಡಿಯಲು ನಿಂತಿತು. ಎಲ್ಲರೂ ಇಳಿದರು. ಬಿಸಿ ವಡೆ, ಟೀ ಸಿಕ್ಕಿತು. ಎಂಜಿನ್ನು ಕೂಗಿದಾಗ ಜನವೆಲ್ಲ ಓಡಿ ಹತ್ತಿದರು. ನಮ್ಮವರು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಮಗೆ ಬೆನ್ನು ಹಾಕಿ ಕೆಳಗಿನ ಕಣಿವೆ ನೋಡುತ್ತ ನಿಂತಿದ್ದಾರೆ!

"ರೀ! ರೀ!" ಎಂದು ಕಿರುಚಿದೆ. ಇಡೀ ರೈಲು ತಿರುಗಿ ನೋಡಿತು, ಅವರೊಬ್ಬರ ಹೊರತು. ಎದುರು ಸೀಟಿನಾತ ಧುಮುಕಿ ಓಡಿಹೋಗಿ, ತೋಳು ಹಿಡಿದು ಎಳೆತಂದು ಹತ್ತಿಸಿದ. ಅವರು ಒಳಗೆ ಕಾಲಿಟ್ಟದ್ದಕ್ಕೂ ಬಂಡಿ ಕದಲಿದ್ದಕ್ಕೂ ಸರಿಹೋಯಿತು. ಆ ಪುಣ್ಯಾತ್ಮನ ಮನೆ ತಣ್ಣಗಿರಲಿ.

ಯಜಮಾನರ ಮುಖ ಬಿಳಿಚಿತ್ತು. ಕುಳಿತವರೇ ನನ್ನ ಬ್ಯಾಗಿನತ್ತ ಕೈ ಚಾಚಿದರು. "ಕೊಡು ಅದ್ನ."

ಮಗಳು ಹೇಳಿಕೊಟ್ಟಂತೆ ಕಿವಿಗೆ ಇಟ್ಟೆ. ಅವರು ಕಣ್ಣು ಮುಚ್ಚಿ ಕುಳಿತರು. ರೈಲು ಇನ್ನೊಂದು ಸೇತುವೆಗೆ ಬಂದಿತು.

"ಇದೇನಮ್ಮಿ, ಜಳಜಳ ಅಂತ?"

"ಅಳ್ಳ ಕಣ್ರೀ! ಅಳ್ಳ!"

"ಮೆತ್ತಗೆ ಯೋಳು. ಯಾಕಿಂಗೆ ಕಿರುಚೀಯ?"

ಎಷ್ಟೋ ವರ್ಷಗಳಿಂದ ಮನೆಯಲ್ಲಿ ನಾನು ಆಡಿದ್ದೆಲ್ಲ ಕೂಗು. ಉಪ್ಪು ಸಾಕಾ ಎಂದು ಕೇಳಿದರೂ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಕೂಗಿ ಹೇಳಲಾಗದ ಒಂದು ಮಾತು ಮಾತ್ರ ಉಳಿದುಹೋಗಿತ್ತು. ಕೂನೂರು ಹತ್ತಿರವಾದಾಗ, ದೇವರನ್ನು ನೆನೆದು, ಅವರ ಕಿವಿಯ ಬಳಿ ಮೆಲ್ಲಗೆ ಹೇಳಿದೆ: "ನಿಮ್ ತಮ್ಮನ ಮದ್ವೇಲಿ ಎಲ್ರ ಮುಂದೆ ನಿಮ್ಮನ್ನ ಕಿವುಡುಗಲ್ಲು ಅಂದ್ಬುಟ್ಟೆ. ತಪ್ಪಾಯ್ತು ಕಣ್ರೀ. ನಿಮ್ಗೆ ಕೇಳಿಸ್ಲಿಲ್ಲ ಅಂತ ಸುಮ್ನಾಗಿದ್ದೆ."

ಅವರು ಕಿಟಕಿಯಾಚೆಯ ಕಾಡು ನೋಡುತ್ತಲೇ ಇದ್ದರು. ಮಷೀನಿಗೂ ಕೇಳಿಸಲಿಲ್ಲವೇನೋ ಎಂದುಕೊಂಡೆ.

"ಅದೊಂದು ಕೇಳಿಸ್ತು ಕಣಮ್ಮಿ, ಆವತ್ತೇ," ಎಂದರು.

ನನಗೆ ತಲೆ ಎತ್ತಲಾಗಲಿಲ್ಲ. ಅವರು ಪಕ್ಕಕ್ಕೆ ಸರಿದು, ಕಿಟಕಿಯ ಹತ್ತಿರ ನನಗೂ ಜಾಗ ಮಾಡಿಕೊಟ್ಟರು. ಊಟಿ ತಲುಪುವವರೆಗೂ ಮಷೀನು ತೆಗೆಯಲಿಲ್ಲ.